ರಾಚಪ್ಪನ ಎರಡು ಮಾಳಿಗೆ ಮಂಚ

ಕಾರ್ತಿಕ ಮುಗಿದು ಚಳಿ ಆಗಷ್ಟೇ ಮೈಗೆ ಹತ್ತುತ್ತಿದ್ದ ದಿನಗಳು. ಹೊತ್ತು ಇನ್ನೂ ಮೂಡಿರಲಿಲ್ಲ. ಮುಂಬೈಯಿಂದ ಬಂದ ಗಾಡಿ ಸೊಲ್ಲಾಪುರ ಸ್ಟೇಷನ್ನಿನಲ್ಲಿ ನಿಂತಿತ್ತು. ಮಂದಿಯೆಲ್ಲ ಗಂಟು ಮೂಟೆ ಹೊತ್ತು ಇಳಿಯುತ್ತಿದ್ದರೆ, ಚಾದರದ ವ್ಯಾಪಾರಿ ರಾಚಪ್ಪ ಮಾತ್ರ ಎಲ್ಲಕ್ಕಿಂತ ಮೇಲಿನ ಬರ್ತಿನಲ್ಲಿ ಅಂಗಾತ ಮಲಗಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಒಬ್ಬನೇ ನಗುತ್ತಿದ್ದ. ಕಡೆಗೆ ಒಬ್ಬ ಹಮಾಲ ಬಂದು ಅವನ ಹೆಬ್ಬೆರಳು ಹಿಡಿದು ಜಗ್ಗಿ, "ಅಹೋ ಶೇಟ್, ಉಠಾ ಆತಾ" ಅಂತ ಏಳಿಸಿದಾಗ ಇಳಿದ. ಇಳಿದ ಅಂದರೆ ಅರ್ಧ ಇಳಿದ, ಅರ್ಧ ಬಿದ್ದ.

ಅವತ್ತು ಅವನು ಅಲ್ಲೇ ನಿದ್ದೆ ಹೋಗಿ ಮುಂದಿನ ಊರಿಗೆ ಹೋಗಿಬಿಟ್ಟಿದ್ದರೆ ಚಲೋ ಇತ್ತು ಅಂತ ಪೇಟೆಯ ಹಿರಿಯರು ಆಮೇಲೆ ಅಂದದ್ದುಂಟು. ಆದರೆ ಆಗಬಾರದ್ದು ಆಗುವಾಗ ಗಾಡಿ ಬರೋಬರ ಟೈಮಿಗೆ ಬರುತ್ತದೆ.

ರಾಚಪ್ಪನ ತಲೆಗೆ ಹೊಕ್ಕದ್ದು ಇಷ್ಟೇ. ಒಂದು ಡಬ್ಬಿಯಲ್ಲಿ ಮೂರು ಮಾಳಿಗೆ ಮಂದಿ ಮಲಗುತ್ತಾರೆ, ಒಬ್ಬನ ಕಾಲು ಒಬ್ಬನಿಗೆ ತಾಗುವುದಿಲ್ಲ. ತನ್ನ ಮನೆಯಲ್ಲಿ ನಾಲ್ಕು ಮಕ್ಕಳು ಒಂದೇ ಕೌದಿಯ ಮೇಲೆ ಮೆಣಸಿನಕಾಯಿ ರಾಶಿಯ ಹಾಗೆ ಬಿದ್ದಿರುತ್ತವೆ. ಸರಕಾರಕ್ಕೆ ಬಂದ ಬುದ್ಧಿ ತನಗೆ ಯಾಕೆ ಬರಬಾರದು?

ಮನೆ ಅಂದರೆ ಮುಂದೆ ಪಡಸಾಲಿ, ಹಿಂದೆ ಅಡಿಗೆಮನೆ, ನಡುವೆ ಒಂದು ಕೋಣೆ. ಅವನು ಬಾಗಿಲು ತೆಗೆಸಿಕೊಂಡು ಒಳಗೆ ಹೋದಾಗ ನಡುಮನೆಯಲ್ಲಿ ಮಕ್ಕಳು ಮಲಗಿದ್ದರು. ಆ ಕಡೆ ಇಬ್ಬರು, ಈ ಕಡೆ ಇಬ್ಬರು, ನಡುವೆ ಗಂಗುಬಾಯಿ.

ಗಂಗುಬಾಯಿ ರಾಚಪ್ಪನ ಸೋದರತ್ತೆ. ಅವಳನ್ನು ಕರಜಗಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡಾಗ ಅವಳ ಕೂದಲು ಇನ್ನೂ ಕಪ್ಪಗಿತ್ತು. ತವರಿಗೆ ಬಂದಳು, ತಾಯಿಯಿಲ್ಲದ ರಾಚಪ್ಪನನ್ನು ಸಾಕಿದಳು, ಅವನಿಗೆ ಉಮಾಬಾಯಿಯನ್ನು ತಂದು ಲಗ್ನ ಮಾಡಿದಳು, ಈಗ ಅವನ ಮಕ್ಕಳಿಗೆ ಆಯಿ ಆಗಿದ್ದಳು. ಸಣ್ಣ ಹುಡುಗಿ ನೀಲಗಂಗಾ ಅಂತೂ ಆಯಿಯ ಸೆರಗು ಮುಷ್ಟಿಯಲ್ಲಿ ಹಿಡಿಯದೆ ಕಣ್ಣು ಮುಚ್ಚುತ್ತಿರಲಿಲ್ಲ. ಆ ಮನೆಯಲ್ಲಿ ಗಂಗುಬಾಯಿಗೆ ಕೋಣೆ ಇರಲಿಲ್ಲ, ಕೀಲಿ ಹಾಕುವ ಪೆಟ್ಟಿಗೆ ಇರಲಿಲ್ಲ. ತನ್ನದು ಅಂತ ಇದ್ದದ್ದು ಆ ಕೌದಿಯ ನಡುವಿನ ಜಾಗ ಒಂದೇ. ಅದರ ಮೇಲೆ ಅವಳು ಮಹಾರಾಣಿಯ ಹಾಗೆ ಮಲಗುತ್ತಿದ್ದಳು.

ರಾಚಪ್ಪ ಅಂಗಡಿಯ ಗಜಕಡ್ಡಿ ತಂದು, ಉಸಿರು ಹಿಡಿದುಕೊಂಡು, ಮಲಗಿದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಅಳೆಯತೊಡಗಿದ.

"ಏನ್ ಮಾಡಾಕತ್ತಿಯೋ ರಾಚ್ಯಾ?" ಗಂಗುಬಾಯಿ ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಏನಿಲ್ಲ ಅತ್ತಿ. ಹೊಸಾ ಚಾದರ್ ಬಂದಾವ, ಅಳತಿ ನೋಡಾಕತ್ತೀನಿ."

"ಮಾರುದ್ದದ ಚಾದರಕ್ಕ ಮೊಳದುದ್ದದ ಕೂಸಿನ ಅಳತಿ ಯಾಕ ಬೇಕೋ? ಮುಂಬೈ ನೀರು ತಲಿಗೆ ಹೊಡದದ ನಿನಗ. ಮಕ್ಕೋ ಹೋಗು."

ಗುಟ್ಟು ಯಾಕೆ ಅಂದರೆ ಅದಕ್ಕೂ ಕಾರಣ ಇತ್ತು. ಒಂದು, ಬಾಜೂ ಮನೆಯ ಶಿವಶರಣಪ್ಪ. ರಾಚಪ್ಪ ರೇಡಿಯೋ ತಂದರೆ ಅವನು ಅದಕ್ಕಿಂತ ದೊಡ್ಡದು ತರುವವನು. ರಾಚಪ್ಪ ಬಾಗಿಲಿಗೆ ಹಸಿರು ಬಣ್ಣ ಬಳಿದರೆ ಅವನು ಕಿಡಕಿಗೂ ಬಳಿಯುವವನು. ಎರಡು ಮಾಳಿಗೆ ಮಂಚದ ಸುದ್ದಿ ಕೇಳಿದರೆ ಮೂರು ಮಾಳಿಗೆಯದು ಮಾಡಿಸಿ ಕೂತಾನು. ಎರಡನೆಯದು ಸ್ವತಃ ಅತ್ತೆ. ನೆಲ ಬಿಟ್ಟು ಮಲಗಿದ ಕೂಸು ನಿದ್ದೆಯಲ್ಲಿ ಬೆಚ್ಚುತ್ತದೆ ಅನ್ನುವುದು ಅವಳ ಖಾಯಂ ಮಾತು. ಆದ್ದರಿಂದ ಮಾಡಿಸಿ, ತಂದು, ನಿಲ್ಲಿಸಿಬಿಡಬೇಕು. ಆಮೇಲೆ ಎಲ್ಲರೂ ಬೆರಗಾಗಬೇಕು. ರಾಚಪ್ಪನ ಆಸೆ ಅಷ್ಟೇ ಇತ್ತು. ಬೆರಗಂತೂ ಎಲ್ಲರೂ ಆದರು.

ಅವನು ಎಸ್‌ಟಿ ಬಸ್ ಹಿಡಿದು ಅಕ್ಕಲಕೋಟಕ್ಕೆ ಹೋದ. ಅಲ್ಲಿ ಗೊಲ್ಲಾಳಪ್ಪ ಅನ್ನುವ ಬಡಿಗೇರ ಇದ್ದ. ರಾಚಪ್ಪನ ಲಗ್ನದ ಮಂಚ ಮಾಡಿದವನೂ ಅವನೇ.

ಇಲ್ಲಿ ಒಂದು ಮಾತು ಹೇಳಬೇಕು. ಆ ಕಾಲಕ್ಕೆ ಆ ಕಡೆಯ ವ್ಯಾಪಾರಿ ಮನೆತನಗಳಲ್ಲಿ ಮಂಚ ಮಾಡಿಸಲು ಎರಡೇ ಕಾರಣ. ಒಂದು ಲಗ್ನ. ಇನ್ನೊಂದು, ಮನೆಯ ಹಿರಿಯರು ತೀರಿಕೊಂಡರೆ ದಿನಕರ್ಮದಲ್ಲಿ ಅವರ ಹೆಸರಿನಿಂದ ಅಯ್ಯನವರಿಗೆ ಮಂಚ, ಗಾದಿ, ಕೊಡೆ, ತಂಬಿಗೆ ದಾನ ಕೊಡುವುದು. ಉಳಿದಂತೆ ಜೀವಂತ ಮಂದಿ ನೆಲದ ಮೇಲೆ ಮಲಗುತ್ತಿದ್ದರು. ಬಡಿಗೇರರಿಗೂ ಇದರ ರೀತಿ ರಿವಾಜು ಗೊತ್ತಿತ್ತು. ಲಗ್ನದ ಮಂಚಕ್ಕೆ ಗಿಳಿ ಕೆತ್ತಬೇಕು, ಮದುಮಕ್ಕಳ ಹೆಸರು ಕೇಳಬೇಕು. ದಾನದ ಮಂಚ ಸಾದಾ ಇರಬೇಕು, ಯಾರ ಹೆಸರಿಗೆ ಅಂತ ಬಾಯಿ ಬಿಟ್ಟು ಕೇಳಬಾರದು. ಕೇಳಿದರೆ ಯಮನಿಗೆ ನೆನಪು ಮಾಡಿಕೊಟ್ಟಂತೆ.

"ಬರ್ರಿ ಸಾವ್ಕಾರ," ಅಂದ ಗೊಲ್ಲಾಳಪ್ಪ. "ಮಂಚ ಅಂದ್ರಿ? ಆಗ್ಲಿ. ಗಿಳಿ ಎಷ್ಟು ಹಾಕ್ಲಿ?"

"ಗಿಳಿ ಬ್ಯಾಡ."

"ದ್ರಾಕ್ಷಿ ಬಳ್ಳಿ?"

"ಅದೂ ಬ್ಯಾಡ. ಏನೂ ಚುಚ್ಚಬಾರದು. ಮೂಲಿ ಎಲ್ಲಾ ಉಜ್ಜಿ ನುಣ್ಣಗ ಮಾಡು."

ಗೊಲ್ಲಾಳಪ್ಪ ಕೈಯಲ್ಲಿದ್ದ ಉಳಿಯನ್ನು ಮೆಲ್ಲಗೆ ಕೆಳಗಿಟ್ಟ. ದನಿಯನ್ನೂ ಕೆಳಗಿಳಿಸಿದ. "ಸಾದಾ ಅನ್ರಿ."

"ಸಾದಾ. ಆದ್ರ ಮಜಬೂತ. ಎರಡು ಬೇಕು. ಕೆಳಗೊಂದು, ಅದರ ಮ್ಯಾಲೊಂದು. ಏರಾಕ ನಿಚ್ಚಣಿಕಿ."

ಗೊಲ್ಲಾಳಪ್ಪ ಯೋಚಿಸಿದ. ಈ ಮನೆಯಲ್ಲಿ ಹಿರಿಜೀವ ಅಂದರೆ ಗಂಗುಬಾಯಿ ಒಬ್ಬಳೇ. ಆಕೆಯ ಗಂಡ ತೀರಿದಾಗ ಬಡತನ, ಮಂಚ ಕೊಟ್ಟಿರಲಿಲ್ಲ ಅಂತ ಕೇಳಿದ ನೆನಪು. ಈಗ ಗಂಡ ಹೆಂಡತಿ ಇಬ್ಬರದೂ ಒಮ್ಮೆಗೇ.

"ಎರಡೂ ಕೂಡೇನ ಆಗಬೇಕೇನ್ರಿ?"

"ಕೂಡೇ ಮತ್ತ. ಬ್ಯಾರೆ ಬ್ಯಾರೆ ಮಾಡಿದ್ರ ಖರ್ಚೂ ಹೆಚ್ಚು, ಜಾಗಾನೂ ಹೆಚ್ಚು."

"ಖರೇ ಅದರಿ. ಒಬ್ಬೊಬ್ಬರದಂತ ಎಷ್ಟು ಸಲ ಮಾಡೂದು." ಗೊಲ್ಲಾಳಪ್ಪನ ಕಣ್ಣು ಒದ್ದೆಯಾದವು. "ಅವಸರ ಅದ ಏನ್ರಿ?"

"ಅವಸರ ಅಂತಲ್ಲ. ಆದ್ರ ಥಂಡಿ ಹೆಚ್ಚಾಗಾಕತ್ತದ ನೋಡು. ಈ ಥಂಡಿ ಒಳಗ ಆಗಿಬಿಟ್ರ ಚಲೋ."

"ಹೌದ್ರಿ. ಈ ಥಂಡಿ ದಾಟೂದು ಕಠಿಣ."

"ಸುತ್ತೂ ಕಟಕಟಿ ಹಾಕು, ಉಳ್ಳಿ ಬೀಳಬಾರದು. ಮತ್ತ ಮನ್ಯಾಗ ಯಾರಿಗೂ ಗೊತ್ತಾಗಬಾರದು. ಅದರಾಗ ನಮ್ಮ ಅತ್ತಿ ಕಿವಿಗೆ ಅಂತೂ ಬೀಳಬಾರದು."

"ಸಾವ್ಕಾರ, ಇದು ಅವರಿಗೆ ಹೇಳೂ ಮಾತೇನ್ರಿ," ಅಂದ ಗೊಲ್ಲಾಳಪ್ಪ.

ಗೊಲ್ಲಾಳಪ್ಪ ಮಾತಿಗೆ ತಪ್ಪದ ಮನುಷ್ಯ. ರಾಚಪ್ಪನ ಮನೆಯಲ್ಲಿ ಒಬ್ಬರಿಗೂ ಹೇಳಲಿಲ್ಲ. ತನ್ನ ಹೆಂಡತಿಗೆ ಮಾತ್ರ ಹೇಳಿದ. ಅವಳು ಸಂತೆಗೆ ಹೊರಟ ತನ್ನ ಅಕ್ಕನಿಗೆ ಮಾತ್ರ ಹೇಳಿದಳು. ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ ಟಿಕೀಟು ತಗೊಳ್ಳದೆ ಬಸ್ಸಿನಲ್ಲಿ ಹೋಗುವುದು ಅಂದರೆ ಸುದ್ದಿ ಒಂದೇ. ಅದು ಬಂದು ಪೇಟೆಯಲ್ಲಿ ಇಳಿಯಿತು.

ಮೊದಲು ಬಂದವಳು ಶಿವಶರಣಪ್ಪನ ಹೆಂಡತಿ ಶಾರದಾಬಾಯಿ. ತುಪ್ಪ ಸುರಿದ ಹೋಳಿಗೆ ತಂದು ಗಂಗುಬಾಯಿಯ ಮುಂದೆ ಇಟ್ಟು ಕುಳಿತಳು.

"ತಿನ್ರಿ ಆಯಿ. ಇನ್ನೇನು ತಿನ್ನಬೇಕನಸ್ತದ ಹೇಳ್ರಿ, ಮಾಡಿ ತರತೀನಿ."

"ಯಾಕವ್ವ, ಬಯಕಿ ಕೇಳಾಕತ್ತಿ? ನಾ ಏನು ಬಸರಿ ಏನು?"

ಶಾರದಾಬಾಯಿ ನಗಲಿಲ್ಲ. ಸೆರಗು ಮೂಗಿಗೆ ಹಿಡಿದು ಎದ್ದು ಹೋದಳು. ಸಂಜೆಗೆ ಮತ್ತೊಬ್ಬಳು ಮಾದಲಿ ತಂದಳು. ಮರುದಿನ ಶೇಂಗಾ ಹೋಳಿಗೆ, ಎಳ್ಳುಂಡಿ, ಗೋಧಿ ಹುಗ್ಗಿ. ಸಾಯಲಿರುವವಳಿಗೆ ಅಂತ ಬಂದ ತಿಂಡಿ ತಿಂದು ಗಂಗುಬಾಯಿಯ ಗಲ್ಲ ತುಂಬಿಕೊಂಡವು. ನೋಡಿದವರು, "ದೀಪ ಆರೂ ಮುಂದ ಹಿಂಗ ಒಮ್ಮೆ ಚಂದ ಉರೀತದ" ಅಂತ ಇನ್ನಷ್ಟು ದುಃಖ ಪಟ್ಟರು.

ಉಮಾಬಾಯಿಗೆ ಏನೂ ಅರ್ಥವಾಗಲಿಲ್ಲ. "ಏನ್ರಿ, ಮಂದಿ ಹಿಂಗ್ಯಾಕ ಮಾಡಾಕತ್ತಾರ?" ಅಂತ ಗಂಡನನ್ನು ಕೇಳಿದಳು.

"ಮುಂಬೈಕ ಹೋಗಿ ಬಂದಾಂವ ನಾ," ಅಂದ ರಾಚಪ್ಪ. "ಮರ್ಯಾದಿ ಕೊಡಾಕತ್ತಾರ."

"ನೀವು ಹೋಗಿ ಬಂದ್ರ ಹೋಳಿಗಿ ಅತ್ತಿಗ್ಯಾಕ?"

ಇಂಥ ಪ್ರಶ್ನೆ ಬಂದಾಗ ರಾಚಪ್ಪನಿಗೆ ಅಂಗಡಿಯಲ್ಲಿ ಕೆಲಸ ನೆನಪಾಗುತ್ತಿತ್ತು.

ಅಂಗಡಿಗೆ ಶಿವಶರಣಪ್ಪ ಬಂದ. ಗಾದಿಯ ಅಂಚಿಗೆ ಕೂತು, ಟೊಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. "ರಾಚಪ್ಪ, ನೀ ಮುಂದಿಂದು ನೋಡಾಂವ ಬಿಡಪ್ಪ. ನಾವೆಲ್ಲಾ ಹೊತ್ತು ಬಂದ ಮ್ಯಾಲ ಓಡ್ಯಾಡ್ತೀವಿ. ಮಂಚ ಆಗಾಕತ್ತದಂತಲ್ಲ?"

ಗುಟ್ಟು ಒಡೆದದ್ದಕ್ಕೆ ರಾಚಪ್ಪನಿಗೆ ಒಂದು ಗಳಿಗೆ ಬೇಸರವಾಯಿತು, ಮರುಗಳಿಗೆ ಹೆಮ್ಮೆಯಾಯಿತು. ಚಹಾ ತರಿಸಿದ. ಶಿವಶರಣಪ್ಪ ಮೊದಲ ಸಲ ತನ್ನನ್ನು ಹೊಗಳಿದ್ದಾನೆ, ತಾನೂ ದೊಡ್ಡ ಮನಸ್ಸು ಮಾಡಬೇಕು ಅನಿಸಿತು.

"ಶಿವಶರಣಪ್ಪ, ನೀವೂ ಒಂದು ಮಾಡಸ್ರಿ. ನಿಮ್ಮನ್ಯಾಗೂ ಹುಡುಗರು ಅದಾವಲ್ಲ. ಅವಕ್ಕ ಅಂತ ಈಗನ ಒಂದು ಮಾಡಿಸಿ ಇಟ್ಟುಬಿಡ್ರಿ, ಚಿಂತಿ ಇರೂದಿಲ್ಲ."

ಶಿವಶರಣಪ್ಪ ಚಹಾದ ಬಸಿಯನ್ನು ಗಾದಿಯ ಮೇಲೆ ಕುಕ್ಕಿದ. ಚಹಾ ಚೆಲ್ಲಿತು. ಟೊಪಿಗೆ ಹಾಕಿಕೊಳ್ಳುವುದನ್ನೂ ಮರೆತು ಎದ್ದು ನಡೆದ. ಅವತ್ತಿನಿಂದ ರಾಚಪ್ಪ ಎದುರು ಬಂದರೆ ಆ ಕಡೆಯ ಗಟಾರ ದಾಟಿ ಹೋಗತೊಡಗಿದ. ಹೊಟ್ಟೆಕಿಚ್ಚು ಅಂದರೆ ಇಂಥಾದ್ದು ಅಂತ ರಾಚಪ್ಪ ತಿಳಿದುಕೊಂಡ.

ಮೂರನೆಯ ಗಿರಾಕಿ ಖುದ್ದು ಅಯ್ಯನವರು. ಪೇಟೆಯ ಮನೆಗಳ ಒಳ್ಳೆಯದು ಕೆಟ್ಟದ್ದು ಎಲ್ಲಕ್ಕೂ ಅವರೇ ಬರುತ್ತಿದ್ದರು. ದಾನದ ಮಂಚ ಹೋಗುತ್ತಿದ್ದದ್ದೂ ಅವರ ಮನೆಗೇ. ಇಂಥ ಮಾತನ್ನು ನೆಟ್ಟಗೆ ಆಡುವಂತಿಲ್ಲವಾದ್ದರಿಂದ ಅವರು ಮೊಣಕಾಲು ನೀವಿಕೊಳ್ಳುತ್ತ ಸುತ್ತು ಬಳಸಿ ಬಂದರು.

"ರಾಚಪ್ಪ, ಎರಡು ಮಾಳಗಿದು ಅಂತ ಕೇಳಿದೆ. ನಮಗ ವಯಸ್ಸಾತು. ನಿಚ್ಚಣಿಕಿ ಏರೂದು ಆಗೂದಿಲ್ಲಪ್ಪ."

"ನೀವ್ಯಾಕ ಏರತೀರಿ ಅಜ್ಜಾರ? ನೀವು ಕೆಳಗಿಂದರ ಮ್ಯಾಲ ಕುಂಡ್ರಿ."

"ಕೆಳಗಿಂದು ನಮಗ ಸಾಕು. ಮ್ಯಾಲಿಂದು ನಮ್ಮ ತಮ್ಮಗ ಆಗ್ತದ."

"ಅವರನ್ನೂ ಕರಕೊಂಡ ಬರ್ರಿ. ಇಬ್ರೂ ಮಲಗಿ ನೋಡ್ರಿ."

"ಗಾದಿ ನಾರಿಂದೋ ಹತ್ತಿದೋ?"

"ಹತ್ತಿದು ಅಜ್ಜಾರ. ನಾರು ಚುಚ್ಚತದ."

"ನಿನ್ನಂಥ ಮಗ ಮನಿಗೊಬ್ಬ ಇರಬೇಕು," ಅಂದು ಅಯ್ಯನವರು ಹರಸಿ ಎದ್ದರು. ಹೋಗುವಾಗ ಮೊಣಕಾಲು ಅಷ್ಟು ನೋಯುತ್ತಿರಲಿಲ್ಲ.

ಇದೆಲ್ಲ ಗಂಗುಬಾಯಿಗೆ ಗೊತ್ತಾಗದೆ ಇರುತ್ತದೆಯೇ? ಒಂದು ಮಧ್ಯಾಹ್ನ ಶಾರದಾಬಾಯಿ ಬಂದು ಅವಳ ಕಾಲು ಹಿಡಿದುಬಿಟ್ಟಳು. "ಆಯಿ, ನಲ್ಲಿ ಮುಂದ ಎಷ್ಟೋ ಸಲ ಜಗಳಾಡೀನಿ. ಎಲ್ಲಾ ಹೊಟ್ಟ್ಯಾಗ ಹಾಕ್ಕೋರಿ."

"ಕಾಲು ಬಿಡು. ಮೊದಲ ಹೇಳು, ನನಗೇನಾಗೇದ?"

ಶಾರದಾಬಾಯಿ ಅತ್ತಳು, ಮೂಗು ಒರೆಸಿಕೊಂಡಳು, ಕಡೆಗೆ ಹೇಳಿದಳು. "ನಿಮ್ಮ ಹೆಸರಿಗೆ ಮಂಚ ಸುದ್ದಾ ಆಗಾಕತ್ತದಂತ. ತೀರಿಹೋದ ಮಾವಾರದೂ ಕೂಡೇ."

ಗಂಗುಬಾಯಿ ತನ್ನ ಕೈಕಾಲು ಮುಟ್ಟಿ ನೋಡಿಕೊಂಡಳು. ಮೈಯಲ್ಲಿ ಏನೂ ಬೇನೆ ಇರಲಿಲ್ಲ. ಬೆಳಿಗ್ಗೆ ತಾನೇ ಎರಡು ಕೊಡ ನೀರು ತಂದಿದ್ದಳು. ಆದರೆ ರಾಚ್ಯಾ ಮುಂಬೈಗೆ ಹೋಗಿ ಅಲ್ಲಿ ಏನು ಕೇಳಿಕೊಂಡು ಬಂದಿದ್ದಾನೋ. ಕಡೆಗೆ ಅವಳು ಶಾರದಾಬಾಯಿಯ ಕಣ್ಣು ತನ್ನ ಸೆರಗಿನಿಂದಲೇ ಒರೆಸಿ, "ಅವರಿಗೆ ಅಂತ ಒಂದು ಚಾಪಿ ಸುದ್ದಾ ಕೊಡಾಕ ಆಗಿರಲಿಲ್ಲ ನನ್ನ ಕೈಲೆ," ಅಂದಳು. "ನಮ್ಮ ರಾಚ್ಯಾ ದೊಡ್ಡಾಂವ ಆದ." ಆಮೇಲೆ ಯಾರಿಗೂ ಏನೂ ಹೇಳಲಿಲ್ಲ. ಹೋಳಿಗೆ ಬಂದರೆ ತಿಂದಳು. ರಾಚಪ್ಪ ಊಟಕ್ಕೆ ಕೂತಾಗ ಅವನ ತಾಟಿಗೆ ಒಂದು ಚಮಚ ತುಪ್ಪ ಹೆಚ್ಚು ಹಾಕುತ್ತಿದ್ದಳು. ಅದೂ ಮುಂಬೈಯ ಮರ್ಯಾದೆ ಅಂತಲೇ ಅವನು ತಿಂದ.

ಮಂಚ ಬಂದದ್ದು ಒಂದು ಗುರುವಾರ. ಅದೇ ದಿನ ಬೆಳಿಗ್ಗೆ ಕರಜಗಿಯಿಂದ ಸಿದ್ದಣ್ಣ ಬಂದಿದ್ದ. ಗಂಗುಬಾಯಿಯ ಮೈದುನನ ಮಗ, ಒಕ್ಕಲುತನದವನು. ಸುದ್ದಿ ಅಲ್ಲಿಗೂ ಮುಟ್ಟಿತ್ತು. ಪಡಸಾಲಿಯಲ್ಲಿ ಕೂತು, "ದೊಡ್ಡವ್ವಾ," ಅಂತ ಒಂದು ಸಲ ಅಂದು, ರುಮಾಲಿನಲ್ಲಿ ಮುಖ ಮುಚ್ಚಿಕೊಂಡವನು ಚಹಾ ಬಂದಾಗಲೇ ತೆಗೆದದ್ದು.

ಟೆಂಪೊ ಓಣಿಗೆ ಬಂತು. ಸಾದಾ ಮಂಚ, ಗಿಳಿ ಇಲ್ಲ, ಹೂವಿಲ್ಲ. ನೋಡಿದ ಪೇಟೆಗೆ ಬೇರೆ ಏನೂ ಹೇಳಬೇಕಾಗಿರಲಿಲ್ಲ. ಅಂಗಡಿಗಳ ಹಲಗೆ ಮುಚ್ಚಿದವು. ಹೆಂಗಸರು ಸೆರಗು ತಲೆ ಮೇಲೆ ಎಳೆದುಕೊಂಡು ಬಂದರು. ಮಾತು ಬಿಟ್ಟಿದ್ದ ಶಿವಶರಣಪ್ಪ, ಸಾವಿನ ಮುಂದೆ ಎಂಥಾ ಸಿಟ್ಟು ಅಂತ, ಮಾರುದ್ದ ಹೂವಿನ ಹಾರ ಹಿಡಿದು ಬಂದ. ಅಯ್ಯನವರು ತಮ್ಮನನ್ನೂ ಒಂದು ಎತ್ತಿನ ಗಾಡಿಯನ್ನೂ ಕರೆದುಕೊಂಡು ಬಂದರು. ಗೊಲ್ಲಾಳಪ್ಪ ಚಪ್ಪಲಿ ಕಳಚಿ, ಕೈಮುಗಿದು, ಬಾಗಿಲು ಬಡಿದ.

ಬಾಗಿಲು ತೆರೆದವಳು ಗಂಗುಬಾಯಿ. ಕೈತುಂಬ ಜೋಳದ ಹಿಟ್ಟು.

ಗಂಗುಬಾಯಿ ಮಂದಿಯನ್ನು ನೋಡಿದಳು, ಹಾರವನ್ನು ನೋಡಿದಳು. "ಯಾರು ಹೋದ್ರೋ?" ಅಂತ ಕೇಳಿದಳು.

"ನೀವ್ರಿ," ಅಂದುಬಿಟ್ಟ ಗೊಲ್ಲಾಳಪ್ಪ.

ಆಗ ಹಿಂದಿನಿಂದ ರಾಚಪ್ಪ ಓಡಿ ಬಂದ. ಮುಖದಲ್ಲಿ ಜಾತ್ರೆ ಕಳೆ. "ಎಲ್ಲಾರೂ ಬಂದೀರಿ? ಬರ್ರಿ, ಬರ್ರಿ, ನೋಡ್ರಿ. ನಮ್ಮ ಹುಡುಗರಿಗೆ ಮಾಡ್ಸೀನಿ. ರೈಲಿನ್ಯಾಗ ಇರ್ತಾವಲ್ಲ, ಹಂಗ. ಕಟಕಟಿ ನೋಡ್ರಿ, ಒಬ್ಬರೂ ಬೀಳಾಂಗಿಲ್ಲ."

ಮೊದಲು ನಕ್ಕವಳು ಶಾರದಾಬಾಯಿ. ಆಮೇಲೆ ಓಣಿಗೆ ಓಣಿಯೇ ನಕ್ಕಿತು. ಶಿವಶರಣಪ್ಪ ಹಾರವನ್ನು ಎಲ್ಲಿಡುವುದು ತಿಳಿಯದೆ ರಾಚಪ್ಪನ ಕೊರಳಿಗೇ ಹಾಕಿದ. "ಮಂಗ್ಯಾ, ನಮ್ಮ ಹುಡುಗರಿಗೆ ಮಂಚ ಮಾಡ್ಸಂದಿ ನೀ, ನಾ ರಾತ್ರಿಯೆಲ್ಲಾ ನಿದ್ದಿ ಮಾಡಿಲ್ಲ" ಅಂದ. ನಗದವರು ಮೂವರೇ. ಅಯ್ಯನವರು ಕೆಳಗಿನ ಮಂಚವನ್ನು ಒಮ್ಮೆ ಸವರಿ, ಖಾಲಿ ಹೊರಟ ಗಾಡಿಯ ಬಾಡಿಗೆ ಬಗ್ಗೆ ತಮ್ಮನ ಜೊತೆ ವಾದ ಮಾಡುತ್ತ ಹೋದರು.

ಮೂರನೆಯವಳು ಗಂಗುಬಾಯಿ. ಅವಳು ಸೆರಗಿಗೆ ಕೈ ಒರೆಸಿಕೊಂಡು, ಬಿಟ್ಟು ಬಂದ ರೊಟ್ಟಿ ಬಡಿಯಲು ಒಳಗೆ ಹೋದಳು.

ಮಂಚ ಇಡಿಯಾಗಿ ಬಾಗಿಲಲ್ಲಿ ಹಿಡಿಸಲಿಲ್ಲ. ಬಿಚ್ಚಿ ಒಯ್ದು ನಡುಮನೆಯಲ್ಲಿ ಕೂಡಿಸಿದರು. ಮಕ್ಕಳು ಹತ್ತಿದರು, ಇಳಿದರು, ಮತ್ತೆ ಹತ್ತಿದರು. ಇಬ್ಬರು ಮೇಲೆ, ಇಬ್ಬರು ಕೆಳಗೆ. ರಾಚಪ್ಪ ಕಂಬ ಹಿಡಿದು ಅಲ್ಲಾಡಿಸಿ ತೋರಿಸಿದ, ನುಣುಪಾದ ಮೂಲೆಗೆ ತನ್ನ ಗಲ್ಲ ಉಜ್ಜಿ ತೋರಿಸಿದ. ಅಷ್ಟು ಚಂದದ ಮಂಚ ಆ ಪೇಟೆಯಲ್ಲಿ ಅದಕ್ಕೆ ಮುಂಚೆ ಯಾರೂ ನೋಡಿರಲಿಲ್ಲ. ಅದು ಸುಳ್ಳಲ್ಲ.

ಊಟ ಮುಗಿದ ಮೇಲೆ ಗಂಗುಬಾಯಿ ದಿನದಂತೆ ಕೌದಿ ಎತ್ತಿಕೊಂಡು ಬಂದು ನಡುಮನೆಯ ಬಾಗಿಲಲ್ಲಿ ನಿಂತಳು. ಮಂಚಕ್ಕೂ ಗೋಡೆಗೂ ನಡುವೆ ಒಂದು ಕಸಬರಿಗೆ ನಿಲ್ಲಿಸುವಷ್ಟು ಜಾಗ ಉಳಿದಿತ್ತು.

"ಎಲ್ಲಾ ಚಲೋ ಆಗೇದೋ ರಾಚ್ಯಾ," ಅಂದಳು. "ನಾ ಎಲ್ಲಿ ಮಲಗ್ಲಿ?"

ರಾಚಪ್ಪ ಆ ಕಡೆ ನೋಡಿದ, ಈ ಕಡೆ ನೋಡಿದ. ಮಂಚದ ಕೆಳಗೂ ಬಗ್ಗಿ ನೋಡಿದ. ಉಮಾಬಾಯಿ ತಲೆ ತಗ್ಗಿಸಿದಳು.

"ಅತ್ತಿ, ಅಡಗಿಮನ್ಯಾಗ ಒಲಿ ಬಾಜೂಕ ಬೆಚ್ಚಗಿರ್ತದ. ಇಲ್ಲಾ ಪಡಸಾಲ್ಯಾಗ. ಇಲ್ಲಾ, ನೀನೂ ಮ್ಯಾಲ ಏರಿ ಮಲಗು, ಕಟಕಟಿ ಅದ, ಬೀಳೂದಿಲ್ಲ."

ಗಂಗುಬಾಯಿ ಸಿಟ್ಟು ಮಾಡಲಿಲ್ಲ. ಸಾರಿಗೆ ಉಪ್ಪು ಸಾಕಾಗಿದೆಯೇ ಅಂತ ಕೇಳುವ ದನಿಯಲ್ಲೇ ಹೇಳಿದಳು. "ನನ್ನ ಹೆಸರಿಗೆ ಮಂಚ ಮಾಡಿಸ್ಯಾನ ಅಂತ ಮಂದಿ ಅಂದಾಗ ನನಗ ಬ್ಯಾಸರ ಆಗಿರಲಿಲ್ಲ ನೋಡು. ಸಾಯೂದು ಎಲ್ಲಾರಿಗೂ ಅದ. ನನ್ನ ವಿಚಾರ ಮಾಡ್ಯಾನಲ್ಲ ಅನಕೊಂಡಿದ್ದೆ."

ಅಷ್ಟೇ ಅಂದು ಕೌದಿಯನ್ನು ಪಡಸಾಲಿಗೆ ಒಯ್ದು ಹಾಸಿದಳು. ಕೌದಿ ಬಹಳ ಅಗಲ ಇತ್ತು. ಒಂದು ಮೂಲೆಗೆ ಮಲಗಿದಳು.

ಬೆಳಿಗ್ಗೆ ಸಿದ್ದಣ್ಣ ಊರಿಗೆ ಹೊರಟ. ಗಂಗುಬಾಯಿಯೂ ಒಂದು ಗಂಟು ಕಟ್ಟಿಕೊಂಡು ನಿಂತಿದ್ದಳು. "ಸೀತನಿ ಕಾಲ. ಎಳೀ ಜೋಳ ಸುಟ್ಟು ತಿಂದು ಎಷ್ಟು ವರ್ಷ ಆತು. ನಾಕು ದಿನ ಇದ್ದು ಬರತೀನಿ," ಅಂದಳು. ಹಣೆಗೆ ವಿಭೂತಿ ಹಚ್ಚಿಕೊಂಡಳು. ನೀಲಗಂಗಾಳನ್ನು ಎಬ್ಬಿಸಬೇಡ ಅಂದಳು. ಹೊಸ್ತಿಲ ಹತ್ತಿರ ಬಂದು ಗಂಟು ಸಡಿಲಾಗಿದೆ ಅಂತ ಬಿಚ್ಚಿ ಕಟ್ಟಿದಳು. ಮತ್ತೆ ಬಿಚ್ಚಿ ಕಟ್ಟಿದಳು. ಉಮಾಬಾಯಿ ಗಂಡನ ಮುಖ ನೋಡಿದಳು. ರಾಚಪ್ಪ ಮಾತಾಡುವನೇನೋ ಅಂತ ಗಂಗುಬಾಯಿಯೂ ಒಮ್ಮೆ ನೋಡಿದಳು.

ರಾಚಪ್ಪನ ತಲೆಯಲ್ಲಿ ಬಸ್ಸಿನ ಗದ್ದಲ ಇತ್ತು. ಈಗಲೇ ಹೋದರೆ ಜಾಗ ಸಿಗುತ್ತದೆ. "ನಡಿ ಅತ್ತಿ, ತಡಾ ಆಗ್ತದ," ಅಂದ.

ಸ್ಟ್ಯಾಂಡಿನಲ್ಲಿ ಅವನು ಎಲ್ಲರಿಗಿಂತ ಮುಂಚೆ ಓಡಿ, ಬಸ್ಸು ನಿಲ್ಲುವುದರೊಳಗೆ ಕಿಡಕಿಯಿಂದ ತನ್ನ ಟೊಪಿಗೆ ಒಗೆದು ಜಾಗ ಹಿಡಿದ. ಅತ್ತೆಗೆ ಕಿಡಕಿ ಬಾಜೂ, ಚಕ್ರದ ಮೇಲಲ್ಲದ ಸೀಟು, ಕುಲುಕಾಟ ಇಲ್ಲ. ಒಂದು ಡಜನ್ ಬಾಳೆಹಣ್ಣನ್ನೂ ಕೊಟ್ಟ. ಬಸ್ಸು ಹೋದ ಮೇಲೆ, ಎಷ್ಟು ಚಲೋ ಜಾಗ ಸಿಕ್ಕಿತು ಅಂತ ಸಮಾಧಾನದಿಂದಲೇ ಮನೆಗೆ ಬಂದ.

ಉಮಾಬಾಯಿ ಕಟ್ಟೆಯ ಮೇಲೆ ಕೂತಿದ್ದಳು. "ಕಳಿಸಿ ಬಂದ್ರ?" ಅಂದಳು. "ಇವತ್ತು ಯಾವ ವಾರ?"

ಅವನು ಬೆರಳು ಮಡಚಿದ. ಮಡಚಿದ ಬೆರಳು ಹಾಗೇ ಉಳಿಯಿತು.

"ಮನಿ ಮಗಳನ್ನ ಇವತ್ತು ಹೊಸ್ತಿಲು ದಾಟಸ್ತಾರೇನ್ರಿ? ಇವತ್ತು ಬ್ಯಾಡ ಅತ್ತಿ ಅಂತ ಒಂದು ಮಾತು ಅಂದಿದ್ರ ನಿಲ್ಲತಿದ್ಳು. ಅದಕ್ಕ ಕಾದ್ಳು. ನಾ ಸೊಸಿ, ನಾ ಅಂದ್ರ ಅದು ನಿಮ್ಮ ಮಾತಾಗತಿತ್ತೇನು?"

ನಾಲ್ಕು ದಿನ ಅಂದವಳು ಸೀತನಿ ಮುಗಿದರೂ ಬರಲಿಲ್ಲ, ಜೋಳದ ರಾಶಿಯಾದರೂ ಬರಲಿಲ್ಲ. ರಾಚಪ್ಪ ಎರಡು ಸಲ ಕರಜಗಿಗೆ ಹೋದ. ಗಂಗುಬಾಯಿ ಮೊದಲಿನ ಹಾಗೆಯೇ ಪ್ರೀತಿಯಿಂದ ಉಣಿಸಿ, "ಬರತೀನೋ," ಅಂದು ಕಳಿಸಿದಳು. ಮಂಚ ಬಿಚ್ಚಿಸುತ್ತೇನೆ ಅಂದದ್ದಕ್ಕೆ, "ಹುಡುಗರು ಆರಾಮ ಅದಾವ, ಇರಲಿ ಬಿಡು," ಅಂದಳು. ಅವಳು ಯಾಕೆ ಹೋದಳು ಅಂತ ಪೇಟೆಯಲ್ಲಿ ಯಾರಾದರೂ ಕೇಳಿದರೆ ರಾಚಪ್ಪ ಸೀತನಿಯ ಮಾತು ಹೇಳುತ್ತಿದ್ದ. ಯಾವತ್ತು ಹೋದಳು ಅಂತ ಕೇಳಿದರೆ ಮಾತ್ರ ಅಂಗಡಿಯೊಳಗೆ ಹೋಗಿ ಮಡಚಿಟ್ಟ ಚಾದರವನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದ.

ಗಂಗುಬಾಯಿ ತವರು ಬಿಟ್ಟು ಹೋದದ್ದು ಶುಕ್ರವಾರ.